ಕೊನೆಯ ಹಡಗಿನ ಚಿತ್ರ

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ಮಂಗಾಟ ನೆನೆದರೆ, ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ. ಆಗ ನಾವು ಶೆಫೀಲ್ಡಿನ ಬ್ರೂಮ್‌ಹಿಲ್ ಬಡಾವಣೆಯಲ್ಲಿದ್ದೆವು. ಅಪ್ಪ ಆಸ್ಪತ್ರೆಯಲ್ಲಿ ಎದೆರೋಗದ ಡಾಕ್ಟರು. ಇಡೀ ದಿನ ಊರವರ ಕೆಮ್ಮು ಕೇಳಿ, ಸಿಗರೇಟು ಬಿಡಿ ಎಂದು ಬೈದು, ಮನೆಗೆ ಬಂದವರೇ ಕೋಟು ಕೂಡ ಬಿಚ್ಚದೆ ತಾವೊಂದು ಹಚ್ಚುತ್ತಿದ್ದರು. ಏನು ಹೇಳೋಣ ಇದಕ್ಕೆ!

ಅದು ಹಾಲೆಂಡಿನ ಸಿಗರೇಟು. ನೀಲಿ ಪ್ಯಾಕೆಟ್ಟು, ಚಿನ್ನದ ಬಣ್ಣದ ಅಂಚು, ಬೆಳ್ಳಿ ಕಾಗದ ಬಿಡಿಸಿದರೆ ಒಣದ್ರಾಕ್ಷಿಯಂಥ ಸಿಹಿ ವಾಸನೆ. ಪ್ರತಿ ಪ್ಯಾಕೆಟ್ಟಿನಲ್ಲೂ ಒಂದು ಹಡಗಿನ ಚಿತ್ರ. ಅಂಟಿಸಲು ಪುಕ್ಕಟೆ ಆಲ್ಬಂ. ಬಂದರಿನ ಪುಟ್ಟ ಅಂಗಡಿಯಲ್ಲಿ ಹುಟ್ಟಿದ ಆ ಸಿಗರೇಟು ಹಡಗೇರಿ ಲೋಕ ಸುತ್ತಿದ ಕಥೆ ಅದರಲ್ಲಿತ್ತು. ಕೆಮ್ಮಿನ ಸುದ್ದಿ ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಸೇದುವವರು ಅಪ್ಪ, ಆದರೆ ಕಂಪನಿಯವರು ಗಾಳ ಹಾಕಿದ್ದು ನನಗೆ.

ಆ ವರ್ಷದ ಯುಗಾದಿಯ ಬೆಳಿಗ್ಗೆ ಅಕ್ಕ ಬೇವು-ಬೆಲ್ಲದ ತಟ್ಟೆ ಹಿಡಿದು ಅಪ್ಪನ ದಾರಿಗೆ ಅಡ್ಡ ನಿಂತಳು. "ಸಿಗರೇಟ್ ಬಿಡ್ತೀನಿ ಅಂತ ಹೇಳಿ ಬೇವು ತಿನ್ನಿ. ಆಮೇಲೇ ಬೆಲ್ಲ" ಎಂದಳು. ಮೈಸೂರಿನಿಂದ ಟಪಾಲಿನಲ್ಲಿ ಬಂದ ಒಣ ಬೇವಿನ ಹೂವು, ವಿಪರೀತ ಕಹಿ. ಅಪ್ಪ ಅಗಿದು, ಮುಖ ಹಿಂಡಿ, "ಆಯ್ತಮ್ಮ, ಬಿಟ್ಟೆ" ಎಂದರು. ಅಕ್ಕ ಕುಣಿದಾಡಿದಳು. ನನಗೆ ಅಳು ಬಂತು. ಆಲ್ಬಂನಲ್ಲಿ ಒಂದೇ ಒಂದು ಹಡಗು ಬಾಕಿ ಇತ್ತು!

ಮಧ್ಯಾಹ್ನ ಹೋಳಿಗೆ ಊಟ ಮುಗಿಸಿ ಅಪ್ಪನ ಜೊತೆ ಹಾಲು ತರಲು ಹೋದೆ. ಅಂಗಡಿಯಲ್ಲಿ ಅವರ ತೋಳು ಜಗ್ಗಿ, "ಒಂದೇ ಪ್ಯಾಕೆಟ್ ಅಪ್ಪ. ನೀವು ಸೇದ್ಬೇಡಿ, ಚಿತ್ರ ಮಾತ್ರ ನನಗೆ ಕೊಡಿ" ಎಂದು ಹಟ ಹಿಡಿದೆ. ಅಪ್ಪ ಬೇಡ ಎಂದರು. ನಾನು ಜೋರಾಗಿ ಅತ್ತೆ. ಕೊಂಡರು. ಬೀದಿಯಲ್ಲೇ ಹರಿದು ನೋಡಿದರೆ, ನನ್ನ ಬಳಿ ಆಗಲೇ ಮೂರಿದ್ದ ಅದೇ ಹಡಗು! ಸಿಟ್ಟಿನಿಂದ ಕಾಲು ಅಪ್ಪಳಿಸುತ್ತಿದ್ದಾಗ ಪಕ್ಕದಲ್ಲಿ ಬೆಂಕಿಕಡ್ಡಿ ಗೀರಿದ ಸದ್ದಾಯಿತು. ಮನೆಯ ಬಾಗಿಲಲ್ಲೇ ಅಕ್ಕನಿಗೆ ವಾಸನೆ ಸಿಕ್ಕಿತು. ಮುಖ ತಿರುಗಿಸಿ ಒಳಗೆ ಹೋದಳು. ಅಪ್ಪ ಮತ್ತೆಂದೂ ಬಿಡಲಿಲ್ಲ. ಕೊನೆಗೆ ಆ ಕೆಮ್ಮೇ ಅವರನ್ನು ಒಯ್ದಿತು.

ಸೊಲಿಹಲ್‌ನಲ್ಲಿ ಬೆಳೆಯುತ್ತಿರುವ ನನ್ನ ಮೊಮ್ಮಕ್ಕಳು ಸಿಗರೇಟಿನ ಚಂದದ ಪ್ಯಾಕೆಟ್ಟನ್ನೇ ಕಂಡಿಲ್ಲ. ಈಗ ಇಲ್ಲಿನ ಕಾನೂನಿನಂತೆ ಎಲ್ಲವೂ ಕೆಸರಿನ ಬಣ್ಣ, ಮುಚ್ಚಿದ ಕಪಾಟಿನೊಳಗೆ. ಸದ್ಯ, ಇವರು ಬಚಾವಾದರು ಅಂದುಕೊಂಡಿದ್ದೆ. ಮೊನ್ನೆ ಟಿವಿಡೇಲ್ ದೇವಸ್ಥಾನದಿಂದ ಬರುವಾಗ ಪೆಟ್ರೋಲಿಗೆ ನಿಲ್ಲಿಸಿದೆವು. ಅಂಗಡಿಯ ಗಾಜಿನ ಹಿಂದೆ ಗುಲಾಬಿ, ಹಸಿರು, ಹಳದಿ ಬಣ್ಣದ ವೇಪ್‌ಗಳ ಸಾಲು, ಹಣ್ಣಿನ ವಾಸನೆಯ ಬ್ಯಾಟರಿ ಸಿಗರೇಟು. "ಲುಕ್ ತಾತ, ಮ್ಯಾಂಗೋ! ಸೋ ಕ್ಯೂಟ್!" ಎಂದಳು ಮೊಮ್ಮಗಳು. ಅಯ್ಯೋ, ಮತ್ತೆ ಅದೇ ಗಾಳ!

ಮನೆಗೆ ಬಂದವನೇ ಆ ಹಳೆಯ ಆಲ್ಬಂ ತೆಗೆದು, ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೊನೆಯ ಪುಟದ ಖಾಲಿ ಚೌಕದ ಮೇಲೆ ಬೆರಳಿಟ್ಟಳು. "ಸೋ ವಿಚ್ ಒನ್ ಈಸ್ ಮಿಸ್ಸಿಂಗ್ ಹಿಯರ್, ತಾತ?"

"ನಮ್ಮಪ್ಪ" ಎಂದೆ.