ಡಿ ಡ್ರೈವಿನಲ್ಲಿಟ್ಟ ಅಮ್ಮನ ಹಾಡು

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸತ್ತಿದೆ ಎಂದು ಸೊಸೆ ಹೇಳಿದಾಗ ನಾನು ವಿಚಲಿತನಾಗಲಿಲ್ಲ. ತೀರಿಹೋದ ಅಮ್ಮ ಹಾಡಿದ್ದ ಶೋಭಾನೆ ಹಾಡುಗಳು ಸಿ ಡ್ರೈವಿನಲ್ಲಿದ್ದವು, ನಿಜ. ಆದರೆ ಡಿಸ್ಕನ್ನು ಎರಡು ಪಾಲು ಮಾಡಿ, ಡಿ ಡ್ರೈವಿನಲ್ಲೂ ಒಂದು ಪ್ರತಿ ಇಟ್ಟ ದೂರದರ್ಶಿ ನಾನು. ಹಾಗೆಂದು ಗಂಭೀರವಾಗಿ ತಿಳಿಸಿದೆ.

“ಮಾವ, ಎರಡೂ ಇದೇ ಡಿಸ್ಕಿನಲ್ಲಿ ಉಂಟಲ್ಲ. ಚಾಳಿನ ಒಂದೇ ಕೋಣೆಯ ಖೋಲಿಗೆ ನಡುವೆ ಪರದೆ ಕಟ್ಟಿದ ಹಾಗೆ. ಖೋಲಿಯೇ ಬಿದ್ರೆ ಪರದೆ ಎಂತ ಮಾಡ್ತದೆ?” ಎಂದಳು.

ಅಂಥದೇ ಪರದೆಯ ಹಿಂದೆ ವರ್ಷಗಟ್ಟಲೆ ಸಂಸಾರ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಡಿಸ್ಕನ್ನು ಹಿಡಿದು ರಿಪೇರಿ ಅಂಗಡಿಗೆ ಓಡಿದೆ. ಅವರೂ ಕೈಚೆಲ್ಲಿದರು.

ಆಂಟಾಪ್ ಹಿಲ್‌ನ ಚಿಕ್ಕಮ್ಮನಿಂದ ಅವೇ ಹಾಡುಗಳನ್ನು ಹಾಡಿಸಿ, ರೆಕಾರ್ಡ್ ಮಾಡಿಕೊಂಡು, ಒಂದು ಪ್ರತಿಯನ್ನು ಅವರ ಮನೆಯಲ್ಲೇ ಇಟ್ಟು ಬಂದಿದ್ದೇನೆ. ಹಾಡುಗಳೆಲ್ಲ ಇವೆ. ಸಾಲುಗಳ ನಡುವೆ ಅಮ್ಮ ಕೆಮ್ಮುತ್ತಿದ್ದುದು ಮಾತ್ರ ಎಲ್ಲೂ ಇಲ್ಲ.