ಅತ್ತಿಗೆಯ ಎರಡು ಡಬ್ಬಿಗಳು

ಕಂಪ್ಯೂಟರ್ ಮುಂದೆ ಕೂರುವ ಮೊದಲು ಅತ್ತಿಗೆ ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿ, ಜಾರದಂತೆ ಒಂದು ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರು. ಸಂಜೆ ಬಿಚ್ಚಿದಾಗ ಅಲ್ಲೊಂದು ಕೆಂಪು ಗೆರೆ. ಕೂತರೂ ಸುಮ್ಮನೆ ಕೂತವರಲ್ಲ. ಕಂಪ್ಯೂಟರ್ ಫ್ಲಾಪಿ ಓದಿ ಮುಗಿಸುವಷ್ಟರಲ್ಲಿ ಎದ್ದು ಕಿಟಕಿಗೆ ಹೋಗಿ, ಸಾಗರದ ಪೇಟೆಬೀದಿಯನ್ನೊಮ್ಮೆ ನೋಡಿ ಬರುತ್ತಿದ್ದರು.

ಎಂಬತ್ತರ ದಶಕದ ಕೊನೆ. ಅಣ್ಣ ಒಂದು ಕಂಪ್ಯೂಟರ್ ತಂದು, ಮಹಡಿಯ ಬಾಡಿಗೆ ಕೋಣೆಯಲ್ಲಿ ಹೊರಗಿನವರ ಕೆಲಸ ಹಿಡಿದಿದ್ದ. ಪ್ರೋಗ್ರಾಮ್ ಬರೆಯಲು ಬರುತ್ತಿದ್ದುದು ಅತ್ತಿಗೆಗೆ ಮಾತ್ರ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ ನನ್ನನ್ನು, "ಗಂಡು ಸಿಗೋವರೆಗೆ ಸುಮ್ನೆ ಕೂತು ಎಂತ ಮಾಡ್ತೀಯ, ಬಾ" ಎಂದು ಕರೆದೊಯ್ದು ಕಲಿಸಿದವರೂ ಅವರೇ.

ನಮಗಿದ್ದ ದೊಡ್ಡ ಗಿರಾಕಿಗಳು ಇಬ್ಬರು. ಹೊಸನಗರದ ಒಂದು ಹೈಸ್ಕೂಲಿನ ಅಂಕಪಟ್ಟಿ ನಡೆಯುತ್ತಿದ್ದುದು ನಾವು ಬಳಸುತ್ತಿದ್ದ ಸಾಫ್ಟ್‌ವೇರಿನ ಹಳೆಯ ವರ್ಷನ್ನಿನಲ್ಲಿ. ತೀರ್ಥಹಳ್ಳಿಯ ಒಂದು ನರ್ಸಿಂಗ್ ಹೋಮಿನ ಔಷಧಿ ದಾಸ್ತಾನಿಗೆ ಅದರ ಹೊಸ ವರ್ಷನ್ನೇ ಬೇಕಿತ್ತು. ಅತ್ತಿಗೆ ಎರಡಕ್ಕೂ ಬೇರೆ ಬೇರೆ ಫ್ಲಾಪಿ ಡಬ್ಬಿ ಇಟ್ಟಿದ್ದರು, ಆಯಾ ವರ್ಷನ್ನೂ ಅದರೊಳಗೇ. ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯುತ್ತಿರಲಿಲ್ಲ.

ಹೀಗೆ ಫ್ಲಾಪಿ ಬದಲಿಸುತ್ತ ಕೂರುವುದು ಅಣ್ಣನಿಗೆ ಬೇಸರ. ಅತ್ತಿಗೆ ತೀರ್ಥಹಳ್ಳಿಗೆ ಹೋಗಿದ್ದ ದಿನ, ಹೊಸ ವರ್ಷನ್ನನ್ನು ಕಂಪ್ಯೂಟರಿನೊಳಗೇ ಹಾಕಿ, ಶಾಲೆಯ ವಾರ್ಷಿಕ ಪರೀಕ್ಷೆಯ ಪಟ್ಟಿಯನ್ನೂ ಅದರಲ್ಲೇ ಮುದ್ರಿಸಿ ಕಳಿಸಿಬಿಟ್ಟ. ಎರಡು ದಿನ ಬಿಟ್ಟು ಅದರ ನಕಲು ನೋಡುತ್ತಿದ್ದ ಅತ್ತಿಗೆ ತಟ್ಟನೆ ಎದ್ದರು. ಅರ್ಧ ಅಂಕ ಬಂದರೆ ಹಳೆಯದು ಒಂದಕ್ಕೆ ಏರಿಸುತ್ತಿತ್ತು, ಹೊಸದು ಕತ್ತರಿಸಿಹಾಕಿತ್ತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಹಾಗಾಗಿಯೇ ಗಣಿತದಲ್ಲಿ ಫೇಲಾಗಿದ್ದಳು.

"ಕಾಗದ ಬರಿ, ಸರಿ ಮಾಡ್ಕೊಳ್ತಾರೆ" ಎಂದ ಅಣ್ಣ.

"ಬೋರ್ಡಿಗೆ ಹಾಕಿರ್ತಾರೆ. ಅವಳು ನೋಡಿರ್ತಾಳೆ." ಅಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿಯಾಗಿತ್ತು. ನಾನು ಹಿಂದೆ ಓಡಿದೆ.

ಬಸ್ಸಿನುದ್ದಕ್ಕೂ ಸೆರಗಿನ ತುದಿ ಹೊಸೆಯುತ್ತ ಕೂತರು. ಹೊಸನಗರದಲ್ಲಿ ಹೆಡ್‌ಮಾಸ್ಟರು, "ಮಿಶನ್ನೂ ತಪ್ಪು ಮಾಡ್ತದಾ?" ಎಂದರು. "ಮಿಶನ್ನಲ್ಲ ಸಾರ್, ತಪ್ಪು ನಂದು" ಎಂದರು ಅತ್ತಿಗೆ. ಅಣ್ಣನ ಹೆಸರು ಎತ್ತಲಿಲ್ಲ. ಪಟ್ಟಿ ತಿದ್ದಿಸಿ, ಹುಡುಗಿಯ ಮನೆ ಕೇಳಿಕೊಂಡು ಅಲ್ಲಿಗೂ ನಡೆದರು.

ಅವಳ ಅಪ್ಪ ಜಗಲಿಯಿಂದ ಏಳಲಿಲ್ಲ. "ಶಾಲೆ ಸಾಕು ಅಂತ ಮಾಡಿಯಾಯ್ತು ಮಾರಾಯ್ರೆ. ನಾಡಿದ್ದು ಅವಳ ಚಿಕ್ಕಮ್ಮನ ಮನೆಗೆ ಕೆಲಸಕ್ಕೆ ಹೋಗ್ತಾಳೆ."

"ಫೇಲಾಗಿದ್ದು ನನ್ನ ಪ್ರೋಗ್ರಾಮು. ಅವಳು ಪಾಸು" ಎಂದರು ಅತ್ತಿಗೆ. "ನೀವು ಸರಿ ಅನ್ನೋವರೆಗೆ ನಾನು ಇಲ್ಲಿಂದ ಹೋಗೋದಿಲ್ಲ."

ಕೂರಲೂ ಇಲ್ಲ, ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದರು. ಬಾಗಿಲ ಸಂದಿಯಲ್ಲಿ ಹುಡುಗಿ ಅಳುತ್ತಿದ್ದಳು. ಆತ ಕೊನೆಗೆ, "ಆಯ್ತು, ಹತ್ತನೇದು ಓದ್ಲಿ" ಎಂದ.

ಅದಾಗಿ ವರ್ಷ ತುಂಬುವುದರೊಳಗೆ ಅತ್ತಿಗೆ ಕಾಯಿಲೆ ಬಿದ್ದು ಹಾಸಿಗೆ ಹಿಡಿದರು. ಮಂಚದ ಮೇಲೂ ಬೆರಳು ಸುಮ್ಮನಿರುತ್ತಿರಲಿಲ್ಲ.

"ಮತ್ತೂ ಒಂದು ಹೊಸ ವರ್ಷನ್ ಬಂದಿದ್ಯಂತೆ. ಹಾಕಿ ನೋಡಿದ್ಯಾ?" ಎಂದು ಕೇಳಿದರು.

"ಇಲ್ಲ ಅತ್ತಿಗೆ. ಹಳೇದೆಲ್ಲ ಕೆಟ್ಟೋದ್ರೆ ಅಂತ ಹೆದರಿಕೆ."

"ಬೇರೆ ಬೇರೆ ಇಟ್ಟಿದ್ದು ಮತ್ತೆಂತಕ್ಕೆ? ಇನ್ನೊಂದು ಡಬ್ಬಿ ಮಾಡು. ಹಾಕಿ ನೋಡು."

ಆ ವಾರವೇ ಹೋಗಿಬಿಟ್ಟರು. ಸೂತಕ ಕಳೆದ ಬೆಳಿಗ್ಗೆ ನಾನೊಬ್ಬಳೇ ಮಹಡಿ ಹತ್ತಿ, ಹೊಸ ಡಬ್ಬಿಯೊಂದನ್ನು ಒರೆಸಿ ಮೇಜಿನ ಮೇಲಿಟ್ಟೆ.