ಕಟ್ಟಿನ ಸಾರು ಮತ್ತು ನಲವತ್ತರ ವೇಗ

ಕನ್ನಡಿಯ ತುಂಬ ಹಿಂದಿನ ಲಾರಿಯ ಮುಖವೇ ಕಾಣುತ್ತಿತ್ತು. ಹಾರ್ನ್ ನಿಲ್ಲುತ್ತಲೇ ಇರಲಿಲ್ಲ. ಗಚ್ಚಿಬೌಲಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದ ನಾನು ಹೊಸ ರಿಂಗ್ ರಸ್ತೆಯ ಬಲತುದಿಯ ಲೇನಿನಲ್ಲಿ ನಲವತ್ತರ ವೇಗದಲ್ಲಿ ಕಾರು ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ನಮ್ಮತ್ತೆ, ಅವರ ತೊಡೆಯ ಮೇಲೆ ಬೋಗುಣಿ ತುಂಬ ಕಟ್ಟಿನ ಸಾರು.

“ಸಾವಕಾಶ ನಡಸವಾ, ಸಾರು ಚೆಲ್ಲತೈತಿ,” ಎಂದರು. ಇನ್ನೂ ನಿಧಾನ ಮಾಡಿದೆ.

ಲಾರಿ ಕೊನೆಯ ಗಳಿಗೆಯಲ್ಲಿ ಎಡಕ್ಕೆ ಹೊರಳಿ, ನಮ್ಮ ಕಾರಿನ ಪಕ್ಕದ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಕಾರು ಓಲಾಡಿದ ರಭಸಕ್ಕೆ ಸಾರೆಲ್ಲ ಅತ್ತೆಯ ಸೀರೆಯ ಮೇಲೆ. ಮುಂದೆ ನಿಲ್ಲಿಸಿದಾಗ ಗಸ್ತಿನ ಪೊಲೀಸರು ಬೋರ್ಡು ತೋರಿಸಿದರು: ಈ ಲೇನಿನಲ್ಲಿ ಎಂಬತ್ತಕ್ಕಿಂತ ಕಡಿಮೆ ಓಡಿಸುವಂತಿಲ್ಲ.

ಆ ಸೀರೆಯ ಕಲೆ ಇಂದಿಗೂ ಹೋಗಿಲ್ಲ. ಸಾವಕಾಶ ಓಡಿಸುವವರಿಂದ ಯಾರಿಗೂ ಅಪಾಯವಿಲ್ಲ ಎಂಬ ನನ್ನ ಹೆಮ್ಮೆ ಮಾತ್ರ ಅಂದೇ ಹೋಯಿತು.